ಖಾತೆ ಪ್ರತ್ಯೇಕತೆ: ಒಂದೇ ಸರ್ವರ್, ತಾಣಕ್ಕೊಬ್ಬ ಬಳಕೆದಾರ

ಒಂದೇ ಸರ್ವರಿನಲ್ಲಿ ಹಲವು ಜಾಲತಾಣಗಳನ್ನು ಇರಿಸಿದಾಗ, ಪ್ರತಿಯೊಂದು ತಾಣದ ಪ್ರೋಗ್ರಾಮನ್ನೂ ಅದಕ್ಕೆಂದೇ ತೆರೆದ ಬೇರೆ ಬಳಕೆದಾರ ಖಾತೆಯ ಹೆಸರಿನಲ್ಲಿ ನಡೆಸುವ ಕ್ರಮವನ್ನು ಖಾತೆ ಪ್ರತ್ಯೇಕತೆ ಎನ್ನಬಹುದು. ಇಲ್ಲಿ ಬಳಕೆದಾರ ಎಂದರೆ ಕೀಲಿಮಣೆಯ ಮುಂದೆ ಕುಳಿತ ಮನುಷ್ಯನೇ ಆಗಬೇಕೆಂದಿಲ್ಲ. ಯುನಿಕ್ಸ್ ಮತ್ತು ಲಿನಕ್ಸ್‌ಗಳ ಮಟ್ಟಿಗೆ ಅದು ಮೂಲತಃ ಒಂದು ಸಂಖ್ಯೆ. ಪ್ರತಿಯೊಂದು ಪ್ರೊಸೆಸ್‌ಗೂ, ಎಂದರೆ ನಡೆಯುತ್ತಿರುವ ಪ್ರೋಗ್ರಾಮಿಗೂ, ಅಂಥ ಒಂದು ಸಂಖ್ಯೆ ಇರುತ್ತದೆ, ಪ್ರತಿಯೊಂದು ಕಡತಕ್ಕೂ ಒಡೆಯನ ಸಂಖ್ಯೆ ಇರುತ್ತದೆ. ಪ್ರೊಸೆಸ್ ಕಡತವನ್ನು ತೆರೆಯಹೊರಟಾಗ ಕಾರ್ಯವ್ಯವಸ್ಥೆಯ ತಿರುಳಾದ ಕರ್ನೆಲ್ ಇವೆರಡನ್ನೂ ಹೋಲಿಸಿ, ಒಡೆಯ, ಗುಂಪು, ಇತರರು ಎಂಬ ಮೂರು ವರ್ಗಗಳಿಗೆ ಬರೆದಿಟ್ಟ ಅನುಮತಿಗಳನ್ನು ನೋಡಿ, ಬಿಡಬೇಕೋ ತಡೆಯಬೇಕೋ ಎಂದು ತೀರ್ಮಾನಿಸುತ್ತದೆ. ಸೊನ್ನೆ ಸಂಖ್ಯೆಯ ರೂಟ್ ಖಾತೆಗೆ ಈ ತಪಾಸಣೆ ಅಡ್ಡಬರುವುದಿಲ್ಲ.

ಎರಡು ತಾಣಗಳ ಸಂಖ್ಯೆಗಳು ಬೇರೆಬೇರೆಯಾಗಿದ್ದರೆ ಮಾತ್ರ ಈ ಹೋಲಿಕೆಯಿಂದ ಪ್ರಯೋಜನ. ಬಹುಕಾಲ ಅವು ಬೇರೆಯಾಗಿರಲಿಲ್ಲ. ಯುನಿಕ್ಸ್ ಸಂಪ್ರದಾಯದಲ್ಲಿ 1024ಕ್ಕಿಂತ ಕೆಳಗಿನ ಪೋರ್ಟ್‌ಗಳನ್ನು (ಜಾಲದ ಕೋರಿಕೆಗಳು ಬರುವ, ಸಂಖ್ಯೆಯುಳ್ಳ ಬಾಗಿಲುಗಳನ್ನು) ತೆರೆಯಲು ರೂಟ್ ಅಧಿಕಾರ ಬೇಕು. ವೆಬ್‌ನ 80 ಮತ್ತು 443 ಆ ಮಿತಿಯೊಳಗೇ ಬರುತ್ತವೆ. ಆದ್ದರಿಂದ ಅಪಾಚೆ ಎಂಬ ವೆಬ್ ಸರ್ವರ್ ತಂತ್ರಾಂಶ ರೂಟ್ ಆಗಿ ಆರಂಭಗೊಂಡು, ಪೋರ್ಟ್ ತೆರೆದು, ಆಮೇಲೆ ಕೋರಿಕೆಗಳಿಗೆ ಉತ್ತರಿಸುವ ಮರಿ ಪ್ರೊಸೆಸ್‌ಗಳನ್ನು ಅಧಿಕಾರ ಕಡಿಮೆಯಿರುವ ಖಾತೆಯೊಂದಕ್ಕೆ ಇಳಿಸುತ್ತದೆ. ಡೆಬಿಯನ್ ಮತ್ತು ಉಬುಂಟುಗಳಲ್ಲಿ ಆ ಖಾತೆಯ ಹೆಸರು ಡಬ್ಲ್ಯೂಡಬ್ಲ್ಯೂಡಬ್ಲ್ಯೂ-ಡೇಟಾ. ಇಡೀ ಯಂತ್ರ ಕೈತಪ್ಪದಂತೆ ಈ ಏರ್ಪಾಡು ಕಾಯುತ್ತದೆ. ಆದರೆ ತಾಣಗಳ ಕೋಡನ್ನು ಓದಿ ನಡೆಸುವ, ಪಿಎಚ್‌ಪಿ ಭಾಷೆಯ ಇಂಟರ್‌ಪ್ರಿಟರ್ ಅಪಾಚೆಯ ಮಾಡ್ಯೂಲ್ ಆಗಿ ಆ ಮರಿ ಪ್ರೊಸೆಸ್‌ಗಳೊಳಗೇ ನಡೆಯುವಾಗ, ಅಲ್ಲಿರುವ ಎಲ್ಲ ತಾಣಗಳ ಕೋಡ್ ಕೂಡ ಅದೇ ಒಂದು ಹೆಸರಿನಲ್ಲಿ ನಡೆಯುತ್ತದೆ.

ಇದರ ಪರಿಣಾಮವನ್ನು ಒಂದು ಉದಾಹರಣೆಯಿಂದ ನೋಡಬಹುದು. ಜಾತ್ರೆಯೊಂದರ ಸಲುವಾಗಿ ಮಾಡಿ ಆಮೇಲೆ ಯಾರೂ ತಿರುಗಿ ನೋಡದ ಒಂದು ವರ್ಡ್‌ಪ್ರೆಸ್ ತಾಣ ಮತ್ತು ದಿನವೂ ಹಣದ ವ್ಯವಹಾರ ನಡೆಸುವ ಒಂದು ಅಂಗಡಿಯ ವರ್ಡ್‌ಪ್ರೆಸ್ ತಾಣ ಒಂದೇ ಸರ್ವರಿನಲ್ಲಿವೆ ಎನ್ನೋಣ. ಪಿಎಚ್‌ಪಿಯಲ್ಲಿ ಬರೆದ, ತಾಣ ಕಟ್ಟುವ ತಂತ್ರಾಂಶವಾದ ವರ್ಡ್‌ಪ್ರೆಸ್ ತನ್ನ ಡೇಟಾಬೇಸಿನ ಹೆಸರನ್ನೂ ಪಾಸ್‌ವರ್ಡನ್ನೂ ಡಬ್ಲ್ಯೂಪಿ-ಕಾನ್ಫಿಗ್ ಎಂಬ ಕಡತದಲ್ಲಿ ಯಾವ ಗೂಢಲಿಪಿಯೂ ಇಲ್ಲದೆ ಬರೆದಿಡುತ್ತದೆ, ಮತ್ತು ತಾಣ ನಡೆಯಬೇಕಾದರೆ ಆ ಕಡತವನ್ನು ಪಿಎಚ್‌ಪಿ ಓದಲೇಬೇಕು. ಜಾತ್ರೆಯ ತಾಣದ ಹಳೆಯ ಪ್ಲಗಿನ್‌ನಲ್ಲಿ ಕಡತಗಳನ್ನು ಏರಿಸುವ ದೋಷವೊಂದಿದ್ದು, ದಾಳಿಕೋರನು ಅದರ ಮೂಲಕ ನಾಲ್ಕು ಸಾಲಿನ ಪಿಎಚ್‌ಪಿ ಕಡತವನ್ನು ಒಳಗಿಟ್ಟರೆ, ಅದು ಅಂಗಡಿಯ ಪಾಸ್‌ವರ್ಡನ್ನೂ ಓದುತ್ತದೆ. ಕರ್ನೆಲ್‌ನ ಕಣ್ಣಿಗೆ ಇಬ್ಬರೂ ಒಬ್ಬನೇ. ವಠಾರದ ಎಲ್ಲ ಮನೆಗಳಿಗೂ ಒಂದೇ ಬೀಗದ ಕೈ ಇದ್ದಂತೆ. ಅಂಗಡಿಯವರು ತಮ್ಮ ತಾಣವನ್ನು ಎಷ್ಟೇ ಜೋಪಾನ ಮಾಡಿದ್ದರೂ ಅವರ ಭದ್ರತೆ ನೆರೆಯವರ ಅಲಕ್ಷ್ಯಕ್ಕೆ ಕಟ್ಟುಬಿದ್ದಿರುತ್ತದೆ, ಮತ್ತು ಇದನ್ನು ನಾನು ಕೇವಲ ತಾಂತ್ರಿಕ ಕೊರತೆಯೆಂದು ಭಾವಿಸುವುದಿಲ್ಲ, ಬಾಡಿಗೆ ಕಟ್ಟುವವರಿಗೆ ಆಗುವ ಅನ್ಯಾಯವೆಂದೇ ಭಾವಿಸುತ್ತೇನೆ.

ಪಿಎಚ್‌ಪಿ ತಾನೇ ಇದಕ್ಕೆ ಮದ್ದು ಹುಡುಕಿದ್ದುಂಟು. ಸೇಫ್ ಮೋಡ್ ಎಂಬ ಆಯ್ಕೆಯಲ್ಲಿ ಅದು, ನಡೆಯುತ್ತಿರುವ ಸ್ಕ್ರಿಪ್ಟಿನ ಒಡೆಯನೂ ತೆರೆಯಬೇಕಾದ ಕಡತದ ಒಡೆಯನೂ ಒಬ್ಬನೇ ಎಂದು ನೋಡುತ್ತಿತ್ತು. ಕರ್ನೆಲ್ ಮಾಡಬೇಕಾದ ಕಾವಲನ್ನು ಭಾಷೆಯೊಂದು ವಹಿಸಿಕೊಂಡರೆ ಸಂದುಗಳು ಉಳಿಯುತ್ತವೆ. ಈ ಮಟ್ಟದಲ್ಲಿ ಸಮಸ್ಯೆಯನ್ನು ಬಗೆಹರಿಸಹೊರಡುವುದು ರಚನೆಯ ದೃಷ್ಟಿಯಿಂದಲೇ ತಪ್ಪೆಂದು ಪಿಎಚ್‌ಪಿಯ ಕೈಪಿಡಿಯೇ ಒಪ್ಪಿಕೊಂಡಿತ್ತು. 2012ರ 5.4 ಆವೃತ್ತಿಯಲ್ಲಿ ಅದನ್ನು ತೆಗೆದುಹಾಕಲಾಯಿತು. ಅಪಾಚೆಯ ಎಸ್‌ಯು-ಎಕ್ಸೆಕ್ ಸರಿಯಾದ ದಾರಿ ಹಿಡಿದಿತ್ತು: ರೂಟ್ ಅಧಿಕಾರವುಳ್ಳ ಒಂದು ಚಿಕ್ಕ ಪ್ರೋಗ್ರಾಮ್ ಹಲವು ತಪಾಸಣೆಗಳನ್ನು ನಡೆಸಿ, ಬಳಿಕ ಸ್ಕ್ರಿಪ್ಟನ್ನು ಅದರ ಒಡೆಯನ ಹೆಸರಿನಲ್ಲೇ ಓಡಿಸುತ್ತದೆ. ಕೋರಿಕೆ ಬಂದಾಗಲೆಲ್ಲ ಹೊಸ ಪ್ರೊಸೆಸ್ ಹುಟ್ಟಿಸಬೇಕಾಗುವ ಸಿಜಿಐ ವಿಧಾನದ ನಿಧಾನವೇ ಅದರ ತೊಡಕು.

ಇಂದು ಲಿನಕ್ಸ್ ಸರ್ವರುಗಳಲ್ಲಿ ಹೆಚ್ಚಾಗಿ ಕಾಣುವುದು 2010ರ 5.3.3 ಆವೃತ್ತಿಯಿಂದ ಪಿಎಚ್‌ಪಿಯ ಜೊತೆಗೇ ಬರುತ್ತಿರುವ, ಪಿಎಚ್‌ಪಿ ಪ್ರೊಸೆಸ್‌ಗಳನ್ನು ನಿರ್ವಹಿಸುವ ಎಫ್‌ಪಿಎಂ. ಇದರಲ್ಲಿ ರೂಟ್ ಆಗಿ ನಿಂತ ಒಂದು ಮುಖ್ಯ ಪ್ರೊಸೆಸ್, ತಾಣಕ್ಕೊಂದರಂತೆ ಪೂಲ್‌ಗಳನ್ನು, ಎಂದರೆ ಪ್ರೊಸೆಸ್‌ಗಳ ತಂಡಗಳನ್ನು, ನಡೆಸುತ್ತದೆ. ಪ್ರತಿ ಪೂಲ್‌ಗೂ ಅದರದೇ ಬಳಕೆದಾರ, ಅದರದೇ ಗುಂಪು, ಅದರದೇ ಸಾಕೆಟ್ (ಕೋರಿಕೆಗಳು ಒಳಬರುವ ಬಾಗಿಲು). ಮುಂದೆ ನಿಂತ ವೆಬ್ ಸರ್ವರ್, ಅದು ಎನ್‌ಜಿನ್‌ಎಕ್ಸ್ ಇರಲಿ ಅಪಾಚೆ ಇರಲಿ, ಚಿತ್ರ, ಸ್ಟೈಲ್‌ಶೀಟ್‌ಗಳನ್ನು ತಾನೇ ಕೊಟ್ಟು, ಪಿಎಚ್‌ಪಿಯ ಕೋರಿಕೆಗಳನ್ನು ಆಯಾ ಸಾಕೆಟ್‌ಗೆ ದಾಟಿಸುತ್ತದೆ.

ಪೂಲ್‌ಗಳನ್ನು ಬೇರೆ ಮಾಡಿದ ಕೂಡಲೇ ಕೆಲಸ ಮುಗಿಯಿತೆಂದು ತಿಳಿಯುವುದೇ ಹೆಚ್ಚು. ಆದರೆ ಸೋರಿಕೆ ಇರುವುದೇ ವಿವರಗಳಲ್ಲಿ. ಸಾಕೆಟ್‌ಗೆ ಬರುವ ಕೋರಿಕೆಯಲ್ಲಿ ಯಾವ ಕಡತವನ್ನು ಓಡಿಸಬೇಕೆಂಬುದರ ಜೊತೆಗೆ ಪಿಎಚ್‌ಪಿಯ ಕೆಲವು ಸೆಟ್ಟಿಂಗ್‌ಗಳನ್ನೂ ಹೇಳಿಕಳುಹಿಸಬಹುದು. ಆದ್ದರಿಂದ ಸಾಕೆಟ್ ಅನ್ನು ಮುಟ್ಟಬಲ್ಲವನು ಆ ತಾಣದ ಹೆಸರಿನಲ್ಲಿ ಕೋಡ್ ನಡೆಸಬಲ್ಲವನೂ ಹೌದು. ಪೂಲ್ ಯಂತ್ರದೊಳಗಿನ 9000ನೇ ಪೋರ್ಟ್‌ನಲ್ಲಿ ಕಾಯುತ್ತಿದ್ದರೆ ಆ ಯಂತ್ರದ ಯಾವ ಖಾತೆ ಬೇಕಾದರೂ ಅಲ್ಲಿಗೆ ತಲುಪುತ್ತದೆ. ಕಡತದ ರೂಪದ ಯುನಿಕ್ಸ್ ಸಾಕೆಟ್ ಬಳಸಿ, ವೆಬ್ ಸರ್ವರಿನ ಖಾತೆಗೆ ಮಾತ್ರ ತೆರೆಯುವಂತೆ ಅದರ ಅನುಮತಿಯನ್ನು 660ಕ್ಕೆ (ಒಡೆಯನಿಗೂ ಗುಂಪಿಗೂ ಓದು-ಬರೆಹ, ಇತರರಿಗೆ ಏನೂ ಇಲ್ಲ) ಇರಿಸುವುದು ಇದೇ ಕಾರಣಕ್ಕೆ. ತಾಣದ ಫೋಲ್ಡರಿಗೆ 750 ಅನುಮತಿ (ಒಡೆಯನಿಗೆ ಎಲ್ಲ ಹಕ್ಕು, ಗುಂಪಿಗೆ ಒಳಹೊಕ್ಕು ಓದುವ ಹಕ್ಕು, ಇತರರಿಗೆ ಏನೂ ಇಲ್ಲ) ಕೊಟ್ಟು, ಅದರ ಗುಂಪನ್ನು ವೆಬ್ ಸರ್ವರಿನ ಗುಂಪಾಗಿಸಿದರೆ ಸರ್ವರ್ ಚಿತ್ರಗಳನ್ನು ಓದಬಲ್ಲದು, ನೆರೆಯ ತಾಣ ಓದಲಾರದು. ಆದರೆ ಅನುಕೂಲವೆಂದು ಎಲ್ಲ ತಾಣಗಳ ಖಾತೆಗಳನ್ನೂ ಅದೇ ಗುಂಪಿಗೆ ಸೇರಿಸಿದರೆ ಗೋಡೆ ಮತ್ತೆ ಬಿದ್ದಂತೆ. ಲಾಗಿನ್ ಆದವರ ಸೆಷನ್ ಕಡತಗಳಿಗೆ ತಾಣಕ್ಕೊಂದು ಜಾಗ ಬೇಕು. ಡೇಟಾಬೇಸಿನೊಳಗೂ ತಾಣಕ್ಕೊಬ್ಬ ಬಳಕೆದಾರ ಇರಬೇಕು. ಇನ್ನೂ ಸೂಕ್ಷ್ಮವಾದದ್ದು ಆಪ್‌ಕ್ಯಾಶ್: ಒಂದೇ ಮುಖ್ಯ ಪ್ರೊಸೆಸ್‌ನ ಕೆಳಗಿರುವ ಪೂಲ್‌ಗಳು ಸಿದ್ಧಪಡಿಸಿಟ್ಟ ಕೋಡಿನ ಸ್ಮೃತಿಯನ್ನು ಹಂಚಿಕೊಳ್ಳುತ್ತವೆ, ಹಾಗಾಗಿ ಓದಲು ಅನುಮತಿಯಿಲ್ಲದ ಕಡತವನ್ನೂ ಆ ಸ್ಮೃತಿಯಿಂದ ಎತ್ತಿಕೊಳ್ಳುವ ಸಾಧ್ಯತೆ ಇತ್ತು. ಇದನ್ನು ತಡೆಯುವ, ಅನುಮತಿಯನ್ನು ಮತ್ತೆ ಪರೀಕ್ಷಿಸುವ ಸೆಟ್ಟಿಂಗ್ 7.0.14ರಲ್ಲಿ ಬಂದಿತು, ಅದನ್ನು ನಾವೇ ಚಾಲೂ ಮಾಡಬೇಕು.

ನೆರೆಯವರಿಂದ ಕಾಪಾಡುವ ಈ ಏರ್ಪಾಡು ಮನೆಯೊಳಗಿನ ಭದ್ರತೆಯನ್ನು ಕೆಲವೊಮ್ಮೆ ಸಡಿಲಗೊಳಿಸುತ್ತದೆ ಎಂಬುದನ್ನೂ ಹೇಳಬೇಕು. ತಾಣದ ಕೋಡ್ ಯಾರ ಹೆಸರಿನಲ್ಲಿದೆಯೋ ಅವರ ಹೆಸರಿನಲ್ಲೇ ಪಿಎಚ್‌ಪಿ ನಡೆದರೆ, ಅದು ತನ್ನ ಕೋಡನ್ನು ತಾನೇ ತಿದ್ದಿ ಬರೆಯಬಲ್ಲದು. ಒಳನುಗ್ಗಿದವನಿಗೂ ಅದೇ ಸ್ವಾತಂತ್ರ್ಯ ದೊರೆಯುತ್ತದೆ. ನನ್ನ ಅಭಿಪ್ರಾಯದಲ್ಲಿ ತಾಣಕ್ಕೆ ಎರಡು ಖಾತೆಗಳಿರುವುದು ಉತ್ತಮ: ಕೋಡಿನ ಒಡೆತನಕ್ಕೊಂದು, ನಡೆಸಲು ಇನ್ನೊಂದು, ನಡೆಸುವ ಖಾತೆಗೆ ಓದುವ ಹಕ್ಕು ಎಲ್ಲೆಡೆ ಇದ್ದರೂ ಬರೆಯುವ ಹಕ್ಕು ಅಪ್‌ಲೋಡ್ ಫೋಲ್ಡರಿಗೆ ಮಾತ್ರ, ಮತ್ತು ಆ ಫೋಲ್ಡರಿನಲ್ಲಿ ಪಿಎಚ್‌ಪಿ ಓಡಬಾರದು. ಗುಂಡಿಯೊತ್ತಿ ಪ್ಲಗಿನ್ ನವೀಕರಿಸುವ ಸೌಲಭ್ಯ ಆಗ ಕೈತಪ್ಪುತ್ತದೆ, ನಿಜ. ನವೀಕರಣಕ್ಕೆ ಬೇರೆ ಕ್ರಮವಿಲ್ಲದ ಕಡೆ ಹಳೆಯ ದೋಷಗಳೇ ಉಳಿದುಹೋಗುವ ಅಪಾಯ ಹೆಚ್ಚು, ಆದ್ದರಿಂದ ಅಂಥಲ್ಲಿ ಒಂದೇ ಖಾತೆಯನ್ನು ನಾನು ಆಕ್ಷೇಪಿಸುವುದಿಲ್ಲ.

ಈ ವಿಚಾರ ಲಿನಕ್ಸ್‌ಗಷ್ಟೇ ಸೇರಿದ್ದಲ್ಲ. ವಿಂಡೋಸ್‌ನ ವೆಬ್ ಸರ್ವರ್ ಆದ ಐಐಎಸ್‌ನಲ್ಲಿ 7.5 ಆವೃತ್ತಿಯಿಂದ ಪ್ರತಿ ಅಪ್ಲಿಕೇಶನ್ ಪೂಲ್‌ಗೂ ಅದರದೇ ಹೆಸರಿನ ವರ್ಚುವಲ್ ಖಾತೆ ತಾನಾಗಿಯೇ ದೊರೆಯುತ್ತದೆ. ಆಂಡ್ರಾಯ್ಡ್ ಫೋನಿನಲ್ಲಿ ಪ್ರತಿ ಆ್ಯಪ್‌ಗೂ 10000ದಿಂದ ಮೇಲಿನ ಒಂದು ಲಿನಕ್ಸ್ ಬಳಕೆದಾರ ಸಂಖ್ಯೆ ಸಿಗುತ್ತದೆ. ಆಟದ ಆ್ಯಪ್ ಬ್ಯಾಂಕಿನ ಆ್ಯಪ್‌ನ ಕಡತಗಳನ್ನು ತೆರೆಯಲಾರದ್ದಕ್ಕೆ ಇದೂ ಒಂದು ಕಾರಣ. ಕೆಲಸಕ್ಕೆ ಬೇಕಾದಷ್ಟೇ ಅಧಿಕಾರ ಕೊಡಬೇಕೆಂಬ ತತ್ತ್ವವನ್ನು ಜೆರೋಮ್ ಸಾಲ್ಟ್ಜರ್ ಮತ್ತು ಮೈಕೆಲ್ ಶ್ರೋಡರ್ 1975ರಲ್ಲೇ ಸ್ಪಷ್ಟವಾಗಿ ಬರೆದಿದ್ದರು.

ಖಾತೆಗಳು ಎಷ್ಟೇ ಇದ್ದರೂ ಕರ್ನೆಲ್ ಒಂದೇ. 2016ರಲ್ಲಿ ಬಯಲಾದ ಡರ್ಟಿ ಕೌ ಎಂಬ ಲಿನಕ್ಸ್ ದೋಷದಿಂದ ಸಾಮಾನ್ಯ ಖಾತೆಯೂ ರೂಟ್ ಆಗಬಹುದಿತ್ತು, ಮತ್ತು ಕರ್ನೆಲನ್ನು ನವೀಕರಿಸದ ಯಂತ್ರದಲ್ಲಿ ಖಾತೆಗಳ ಗೋಡೆ ಅದರೆದುರು ನಿಲ್ಲುತ್ತಿರಲಿಲ್ಲ. ಅಷ್ಟು ಎಚ್ಚರ ಬೇಕಾದ ತಾಣಗಳನ್ನು ಬೇರೆ ವರ್ಚುವಲ್ ಯಂತ್ರಕ್ಕೇ ಸಾಗಿಸಬೇಕು. ಉಳಿದವುಗಳಿಗೆ ಪರೀಕ್ಷೆ ಸರಳ: ಸರ್ವರಿನ ಟರ್ಮಿನಲ್‌ನಲ್ಲಿ ಒಂದು ತಾಣದ ಖಾತೆಯಾಗಿ ನಿಂತು, ಪಕ್ಕದ ತಾಣದ ಕಾನ್ಫಿಗ್ ಕಡತವನ್ನು ಓದಿಸಿ ನೋಡಬೇಕು, ಪರದೆಯ ಮೇಲೆ ‘ಪರ್ಮಿಷನ್ ಡಿನೈಡ್’ ಎಂಬ ಉತ್ತರ ಬರಬೇಕು.