ನಡಿಗೆ ತಲುಪದ ಸ್ನಾಯುಗಳು

ತುಮಕೂರಿನ ಅಮಾನಿಕೆರೆಯ ಸುತ್ತ ಬೆಳಗಿನ ಹೊತ್ತು ನಡೆಯುವ ಹಿರಿಯರಲ್ಲಿ ಹಲವರು ಒಂದಲ್ಲ ಒಂದು ದಿನ ನನ್ನ ಫಿಸಿಯೋಥೆರಪಿ ಕೊಠಡಿಗೂ ಬರುತ್ತಾರೆ. ಕಳೆದ ವರ್ಷ ಬಂದ ಒಬ್ಬ ನಿವೃತ್ತ ಶಿಕ್ಷಕರು ಹತ್ತು ವರ್ಷಗಳಿಂದ ವಾಕಿಂಗ್ ತಪ್ಪಿಸಿದವರಲ್ಲ. ಬಿಪಿ ಹತೋಟಿಯಲ್ಲಿತ್ತು, ಸಕ್ಕರೆ ಕಾಯಿಲೆ ಇರಲಿಲ್ಲ, ತೂಕವೂ ಹದವಾಗಿತ್ತು. ಆದರೂ ಬಚ್ಚಲಿನಲ್ಲಿ ಮುಖಕ್ಕೆ ಸೋಪು ಹಚ್ಚಿಕೊಂಡು, ಕಣ್ಣು ಮುಚ್ಚಿ, ಚೊಂಬಿಗಾಗಿ ಕೈ ಚಾಚಿದಾಗ ಜಾರಿ ಬಿದ್ದು ಮಣಿಕಟ್ಟು ಮುರಿದುಕೊಂಡಿದ್ದರು. "ಇಷ್ಟು ವರ್ಷ ನಡೆದು ಏನು ಬಂತು ಮೇಡಂ?" ಎಂದು ಅವರು ಕೇಳಿದರು.

ಬಂದದ್ದು ಬಹಳವೇ ಇದೆ. ಅವರ ಹೃದಯ, ರಕ್ತನಾಳ, ಉಸಿರು ಎಲ್ಲವೂ ಆ ನಡಿಗೆಯ ಫಲವನ್ನು ಉಂಡಿವೆ. ಆದರೆ ಅಂದು ಬಚ್ಚಲಿನಲ್ಲಿ ಅವರಿಗೆ ಬೇಕಾಗಿದ್ದ ಶಕ್ತಿಯೇ ಬೇರೆ, ಅದನ್ನು ಸಮತಟ್ಟಾದ ದಾರಿಯ ನಡಿಗೆ ಕಲಿಸುವುದಿಲ್ಲ.

ಕೈ ಗುಣವಾದ ಮೇಲೆ ಅವರನ್ನು ಗೋಡೆಯ ಪಕ್ಕದಲ್ಲಿ ಬರಿಗಾಲಿನಲ್ಲಿ ನಿಲ್ಲಿಸಿ, ಒಂದು ಕಾಲನ್ನು ಎತ್ತುವಂತೆ ಹೇಳಿದೆ. ಊರಿದ ಪಾದದ ಬೆರಳುಗಳು ನೆಲವನ್ನು ಹಿಡಿಯಲು ಹವಣಿಸಿದವು, ಹರಡಿನ ಸುತ್ತಲಿನ ನರಗಳು ಉಬ್ಬಿ ಕಂಡವು, ಸೊಂಟ ಒಂದು ಕಡೆಗೆ ವಾಲಿತು. ನಾಲ್ಕನೆಯ ಸೆಕೆಂಡಿಗೆ ಕೈ ಗೋಡೆಯನ್ನು ಹಿಡಿಯಿತು. ಬ್ರೆಜಿಲ್‌ನಲ್ಲಿ 51ರಿಂದ 75 ವರ್ಷದ 1,702 ಜನರನ್ನು ಹೀಗೆಯೇ ಪರೀಕ್ಷಿಸಿ, ಸುಮಾರು ಏಳು ವರ್ಷ ಗಮನಿಸಿದ ಅಧ್ಯಯನವೊಂದು 2022ರಲ್ಲಿ ಪ್ರಕಟವಾಯಿತು. ಹತ್ತು ಸೆಕೆಂಡ್ ಒಂಟಿಕಾಲಿನಲ್ಲಿ ನಿಲ್ಲಲಾರದವರು ಐವರಲ್ಲಿ ಒಬ್ಬರಿದ್ದರು, ಮತ್ತು ವಯಸ್ಸು, ತೂಕ, ಇತರ ಕಾಯಿಲೆಗಳನ್ನು ಲೆಕ್ಕಕ್ಕೆ ತೆಗೆದುಕೊಂಡ ಮೇಲೂ ಅವರಲ್ಲಿ ಸಾವಿನ ಸಂಭವ ಹೆಚ್ಚಾಗಿಯೇ ಕಂಡಿತು. ಒಂಟಿಕಾಲಿನಲ್ಲಿ ನಿಂತರೆ ಆಯುಸ್ಸು ಬೆಳೆಯುತ್ತದೆ ಎಂದು ಇದನ್ನು ಓದಬಾರದು. ದೇಹದ ಒಳಗಿನ ಸ್ಥಿತಿಯನ್ನು ಆ ಹತ್ತು ಸೆಕೆಂಡ್ ಹೊರಗೆ ತೋರಿಸುತ್ತದೆ, ಅಷ್ಟೇ.

ನಾವು ಬೀಳದೆ ನಿಲ್ಲುವುದಕ್ಕೆ ಕಣ್ಣಿನ ಸುದ್ದಿ, ಒಳಗಿವಿಯ ಸುದ್ದಿ, ಅಂಗಾಲು-ಕೀಲುಗಳಿಂದ ಬರುವ ಸುದ್ದಿ ಈ ಮೂರೂ ಬೇಕು. ಸೋಪು ಹಚ್ಚಿ ಕಣ್ಣು ಮುಚ್ಚಿದ ಗಳಿಗೆಯಲ್ಲಿ ಮೊದಲನೆಯದು ಹೋಗುತ್ತದೆ, ಒದ್ದೆ ನೆಲದ ಮೇಲೆ ಮೂರನೆಯದು ಮಸುಕಾಗುತ್ತದೆ. ಆಗ ಕಾಲು ಜಾರಿದರೆ, ಒಂದು ಸೆಕೆಂಡ್ ತುಂಬುವುದರೊಳಗೆ ಇನ್ನೊಂದು ಹೆಜ್ಜೆಯನ್ನು ಚಂಗನೆ ಮುಂದಿಟ್ಟು ಮೈಯನ್ನು ತಡೆಯಬೇಕು. ಈ ಕೆಲಸವನ್ನು ಮಾಡುವವು ಸ್ನಾಯುವಿನ ವೇಗದ ಎಳೆಗಳು. ಸ್ನಾಯುವಿನಲ್ಲಿ ನಿಧಾನವಾಗಿ, ದಣಿಯದೆ ದುಡಿಯುವ ಎಳೆಗಳೂ ಇವೆ, ಥಟ್ಟನೆ ಬಲ ಹಾಕಿ ಬೇಗ ದಣಿಯುವ ಎಳೆಗಳೂ ಇವೆ. ನಡಿಗೆಗೆ ಮೊದಲಿನವೇ ಸಾಕು, ವಯಸ್ಸಾದಂತೆ ಹೆಚ್ಚು ಸೊರಗುವವು ಎರಡನೆಯವು. ಮೂವತ್ತರ ನಂತರ ಪ್ರತಿ ಹತ್ತು ವರ್ಷಕ್ಕೆ ಸ್ನಾಯುವಿನ ರಾಶಿ ಶೇಕಡ 3ರಿಂದ 8ರಷ್ಟು ಕರಗುತ್ತದೆ, ಅರವತ್ತರ ನಂತರ ಇನ್ನೂ ವೇಗವಾಗಿ. ಹಾಗಾಗಿ ಎಪ್ಪತ್ತರಲ್ಲಿ ಬಚ್ಚಲಿನಲ್ಲಿ ಬೀಳುವವರ ಕಥೆ, ಅವರು ಮೂವತ್ತರಲ್ಲಿ ಆಟ ನಿಲ್ಲಿಸಿದ ದಿನವೇ ಶುರುವಾಗಿರುತ್ತದೆ ಎಂದು ನಾನು ನಂಬಿದ್ದೇನೆ.

ಹಿಂದಿನವರು ವ್ಯಾಯಾಮ ಎಂಬ ಹೆಸರಿಲ್ಲದೆಯೇ ಈ ಸ್ನಾಯುಗಳನ್ನು ಉಳಿಸಿಕೊಂಡಿದ್ದರು. ಊಟಕ್ಕೆ ಚಕ್ಕಳಮಕ್ಕಳ ಹಾಕಿ ಕೂತು ಏಳುವುದು, ಕುಕ್ಕರುಗಾಲಿನಲ್ಲಿ ಪಾತ್ರೆ ತೊಳೆಯುವುದು, ಒರಳಿನ ಮುಂದೆ ಕೂತು ರುಬ್ಬುವುದು ಇವೆಲ್ಲ ತೊಡೆ ಮತ್ತು ಸೊಂಟಕ್ಕೆ ದಿನಕ್ಕೆ ಹತ್ತಾರು ಬಾರಿ ಕೆಲಸ ಕೊಡುತ್ತಿದ್ದವು. ಊಟದ ಮೇಜು, ಕಮೋಡ್, ಸೋಫಾ ಬಂದ ಮೇಲೆ ನೆಲದಿಂದ ಎದ್ದೇಳುವ ಸಂದರ್ಭವೇ ಇಲ್ಲವಾಗಿದೆ. ಮಂಡಿ ಸವೆದವರಿಗೆ ಇವು ಬೇಕು, ಅನುಮಾನವಿಲ್ಲ. ಮಂಡಿ ಚೆನ್ನಾಗಿರುವವರೂ ನೆಲವನ್ನು ಬಿಟ್ಟುಬಿಟ್ಟದ್ದು ನನಗೆ ಸಂಕಟದ ವಿಷಯ. ಸಿದ್ಧಗಂಗೆಯ ಬೆಟ್ಟ ಹತ್ತಿದವರು ಇಳಿಯುವಾಗ ಮಂಡಿ ನಡುಗುತ್ತದೆ ಎನ್ನುತ್ತಾರಲ್ಲ, ಅದಕ್ಕೂ ಕಾರಣ ಇದೇ: ಇಳಿಯುವಾಗ ತೊಡೆಯ ಸ್ನಾಯು ಮೈಭಾರವನ್ನು ಹಿಡಿದುಕೊಂಡೇ ಉದ್ದವಾಗಬೇಕು, ಆ ಅಭ್ಯಾಸ ಅದಕ್ಕೆ ತಪ್ಪಿಹೋಗಿರುತ್ತದೆ.

ಇಲ್ಲಿಯೇ ಆಟದ ಮಾತು ಬರುತ್ತದೆ. ಲಗೋರಿಯ ಚೆಂಡು ಯಾವ ಕಡೆಯಿಂದ ಬರುತ್ತದೆಂದು ಮೊದಲೇ ತಿಳಿದಿರುವುದಿಲ್ಲ. ಕಣ್ಣು ನೋಡಿ, ತಲೆ ತೀರ್ಮಾನಿಸಿ, ಕಾಲು ಪಕ್ಕಕ್ಕೆ ಹಾರಿ, ಮೈ ಬಗ್ಗಿ ಎಲ್ಲವೂ ಒಂದೇ ಉಸಿರಿನಲ್ಲಿ ಆಗಬೇಕು. ಕುಂಟೆಬಿಲ್ಲೆಯಲ್ಲಿ ಒಂಟಿಕಾಲಿನಲ್ಲಿ ನಿಂತೇ ಬಿಲ್ಲೆಗಾಗಿ ಬಗ್ಗಬೇಕು. ನಾನು ಕೊಠಡಿಯಲ್ಲಿ ಕಲಿಸುವ ಸಮತೋಲನದ ಅಭ್ಯಾಸಗಳಲ್ಲಿ ಅದಕ್ಕಿಂತ ಪೂರ್ಣವಾದದ್ದು ಇಲ್ಲ. ಜೊತೆಗೆ ಆಟಕ್ಕೆ ಜೊತೆಗಾರರು ಬೇಕು, ಅವರು ಕರೆಯುತ್ತಾರೆ ಎಂಬ ಕಾರಣಕ್ಕೇ ಮರುದಿನವೂ ಹೋಗುತ್ತೇವೆ. ಕೋಪನ್‌ಹೇಗನ್ ನಗರದ ನಿವಾಸಿಗಳನ್ನು ಸುಮಾರು 25 ವರ್ಷ ಗಮನಿಸಿ 2018ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ದೈಹಿಕ ಚಟುವಟಿಕೆ ಇಲ್ಲದವರಿಗಿಂತ ಜಾಗಿಂಗ್ ಮಾಡುವವರು 3.2 ವರ್ಷ, ಬ್ಯಾಡ್ಮಿಂಟನ್ ಆಡುವವರು 6.2 ವರ್ಷ, ಟೆನಿಸ್ ಆಡುವವರು 9.7 ವರ್ಷ ಹೆಚ್ಚು ಬದುಕುವರೆಂಬ ಅಂದಾಜು ಸಿಕ್ಕಿತು. ಟೆನಿಸ್ ಆಡುವವರ ಅನುಕೂಲಸ್ಥಿತಿಯೂ ಇದರಲ್ಲಿ ಸೇರಿರಬಹುದು. ಆದರೂ ಇನ್ನೊಬ್ಬರ ಜೊತೆ ಆಡುವ ಆಟಗಳೇ ಮುಂದಿದ್ದದ್ದು ನನಗೆ ಆಶ್ಚರ್ಯ ತರಲಿಲ್ಲ.

"ಈ ವಯಸ್ಸಿನಲ್ಲಿ ಕುಣಿದರೆ ನೋಡಿದವರು ಏನಂದಾರು?" ಎಂದು ಹೆಂಗಸರು ಹೆಚ್ಚಾಗಿ ಕೇಳುತ್ತಾರೆ. ಮಂಡಿಯ ಸವೆತಕ್ಕಿಂತ ಈ ಸಂಕೋಚ ಹೆಚ್ಚು ಜನರನ್ನು ಕುರ್ಚಿಗೆ ಕಟ್ಟಿಹಾಕಿದೆ. ತಡವಾಯಿತು ಎಂಬ ಮಾತಿಗೂ ಆಧಾರವಿಲ್ಲ. ಅಮೆರಿಕದ ವೃದ್ಧಾಶ್ರಮವೊಂದರಲ್ಲಿ ತೊಂಬತ್ತರ ಆಸುಪಾಸಿನ ಹತ್ತು ಮಂದಿಗೆ ತೂಕ ಎತ್ತುವ ತರಬೇತಿ ಕೊಟ್ಟಾಗ, ಎಂಟೇ ವಾರಗಳಲ್ಲಿ ಅವರ ಕಾಲಿನ ಬಲ ಸರಾಸರಿ ಶೇಕಡ 174ರಷ್ಟು ಏರಿದ್ದು 1990ರಲ್ಲೇ ದಾಖಲಾಗಿದೆ.

ಹಾಗೆಂದು ನಾಳೆಯೇ ಅಂಗಳದಲ್ಲಿ ಕುಂಟಲು ಹೊರಡಬಾರದು. ಅಡುಗೆಮನೆಯ ಕಟ್ಟೆ ಹಿಡಿದು ಒಂಟಿಕಾಲಿನಲ್ಲಿ ನಿಲ್ಲುವುದು, ಕೈ ಊರದೆ ಕುರ್ಚಿಯಿಂದ ಏಳುವುದು, ಕೂತಲ್ಲೇ ಚೆಂಡು ಹಿಡಿಯುವುದು, ನಂತರ ನಿಂತು ಹಿಡಿಯುವುದು ಹೀಗೆ ವಾರಗಳ ಲೆಕ್ಕದಲ್ಲಿ ಮುಂದುವರಿಯಬೇಕು. ಮೂಳೆ ಸವೆದವರು, ತಲೆಸುತ್ತು ಇರುವವರು, ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಮಂದವಾದವರು, ಹೃದಯದ ತೊಂದರೆ ಇರುವವರು ವೈದ್ಯರನ್ನು ಕೇಳಿಯೇ ಆರಂಭಿಸಬೇಕು. 65 ದಾಟಿದವರು ವಾರಕ್ಕೆ ಕನಿಷ್ಠ ಮೂರು ದಿನ ಸಮತೋಲನ ಮತ್ತು ಬಲದ ಅಭ್ಯಾಸ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿದೆ. ನಡಿಗೆಯನ್ನು ಬಿಟ್ಟು ಅಲ್ಲ, ಅದರ ಜೊತೆಗೆ.

ಆ ಶಿಕ್ಷಕರು ಈಗಲೂ ಅಮಾನಿಕೆರೆಗೆ ಹೋಗುತ್ತಾರೆ. ಸಂಜೆ ಮನೆಯ ಮುಂದೆ ಮೊಮ್ಮಗಳು ಎಸೆಯುವ ರಬ್ಬರ್ ಚೆಂಡನ್ನು ಎಡಕ್ಕೆ ಬಲಕ್ಕೆ ಸರಿದು ಹಿಡಿಯುತ್ತಾರೆ. ಬಲಗಾಲಿನಲ್ಲಿ ಹತ್ತು ಸೆಕೆಂಡ್ ದಾಟಿದ್ದಾರೆ, ಎಡಗಾಲಿನಲ್ಲಿ ಇನ್ನೂ ಏಳು. ಕಳೆದ ಬಾರಿ ಬಂದಾಗ ಚಾಪೆಯಿಂದ ಒಂದೇ ಕೈ ಊರಿ ಎದ್ದರು.