ನೆರಳಿದ್ದಲ್ಲೆಲ್ಲ ತಂಪಿರುವುದಿಲ್ಲ

ಕೂಸನ್ನು ಮೊದಲ ಸಲ ಕಡಲತೀರಕ್ಕೆ ಕರೆದೊಯ್ಯುವ ಅಪ್ಪ ಅಮ್ಮ ಮಕ್ಕಳ ವೈದ್ಯರ ಬಳಿ ಕೇಳುವುದೆಲ್ಲ ಸನ್‌ಸ್ಕ್ರೀನ್ ಬಗ್ಗೆ. ಯಾವುದು ಒಳ್ಳೆಯದು, ಎಷ್ಟು ಎಸ್‌ಪಿಎಫ್ (ಬಿಸಿಲು ತಡೆಯುವ ಶಕ್ತಿಯ ಅಳತೆ) ಇರಬೇಕು, ದಿನಕ್ಕೆ ಎಷ್ಟು ಸಲ ಹಚ್ಚಬೇಕು. ಸೆಕೆಯ ಬಗ್ಗೆ ಕೇಳುವವರು ತೀರಾ ಕಡಿಮೆ. ನಾವಾಗಿಯೇ ಆ ಮಾತು ಎತ್ತಿದರೆ, "ಡಾಕ್ಟ್ರೇ, ಬಿಸಿಲಿಗೆ ಬಿಡೋದೇ ಇಲ್ಲ, ಪೂರ್ತಿ ನೆರಳಲ್ಲೇ ಇಟ್ಟಿರ್ತೀವಿ" ಎನ್ನುತ್ತಾರೆ. ಹೋಗಿ ಬಂದ ಮೇಲೆ ಹೇಳುವುದೂ ಹೆಚ್ಚುಕಡಿಮೆ ಒಂದೇ: "ತಳ್ಳುಗಾಡಿಗೆ ತೆಳ್ಳನೆ ಬಟ್ಟೆ ಹೊದಿಸಿದ್ವಿ, 3 ಗಂಟೆ ಮಿಸುಕಾಡದೆ ಮಲಗಿತ್ತು." ಹೇಳುವವರ ಮುಖದಲ್ಲಿ ಸಮಾಧಾನ. ಕೇಳುವವರ ಎದೆ ಧಸಕ್ಕೆನ್ನುತ್ತದೆ.

ಬಿಸಿಲು ಬೇರೆ, ಸೆಕೆ ಬೇರೆ. ನೆರಳು ಬಿಸಿಲನ್ನು ಒಂದಿಷ್ಟು ತಡೆಯುತ್ತದೆ. ಸೆಕೆ ತಗ್ಗಬೇಕಾದರೆ ಗಾಳಿ ಬೇಕು. ತಳ್ಳುಗಾಡಿಯ ಮೇಲೆ ಬಟ್ಟೆ ಇಳಿಬಿಟ್ಟಾಗ ಬಿಸಿಲಿನ ಝಳ ಬಟ್ಟೆಯನ್ನೂ ಒಳಗಿನ ಗಾಳಿಯನ್ನೂ ಕಾಯಿಸುತ್ತದೆ. ಕಾದ ಗಾಳಿಗೆ ಹೊರಹೋಗಲು ದಾರಿಯಿಲ್ಲ. ಮಗುವಿನ ಉಸಿರಿನ ತೇವವೂ ಅಲ್ಲೇ ಉಳಿಯುವುದರಿಂದ ಬೆವರು ಆರುವುದಿಲ್ಲ, ಮೈ ತಂಪಾಗುವುದಿಲ್ಲ. ಬಟ್ಟೆ ತೆಳುವಾಗಿದೆ, ಬಿಳಿ ಬಣ್ಣದ್ದು, ಹತ್ತಿಯದು ಎಂಬ ವಾದಗಳನ್ನು ದಯವಿಟ್ಟು ಬಿಟ್ಟುಬಿಡಿ. ನಾಲ್ಕೂ ಕಡೆ ಮುಚ್ಚಿದ ಮೇಲೆ ಅದು ಎಂಥ ಬಟ್ಟೆಯಾದರೂ ಮುಚ್ಚಳವೇ. ಮೂರು ಕಡೆ ಮುಚ್ಚಿಕೊಂಡಿರುವ ಪುಟ್ಟ ಡೇರೆಗಳೂ ಹಾಗೆಯೇ. ಅನುಮಾನವಿದ್ದರೆ ಮಗುವಿನ ಮುಖ ಇರುವ ಜಾಗದಲ್ಲಿ 5 ನಿಮಿಷ ನಿಮ್ಮ ಮುಖ ಇಟ್ಟು ನೋಡಿ.

ಈ ಸೆಕೆ ನಮಗಿಂತ ಕೂಸಿಗೆ ಹೆಚ್ಚು ಕಷ್ಟ. ಅದರ ತೂಕಕ್ಕೆ ಹೋಲಿಸಿದರೆ ಚರ್ಮದ ಹರವು ದೊಡ್ಡವರಿಗಿಂತ ಬಹಳ ಹೆಚ್ಚು, ಹಾಗಾಗಿ ಹೊರಗಿನ ಶಾಖವನ್ನು ಬೇಗ ಹೀರಿಕೊಳ್ಳುತ್ತದೆ. ಬೆವರುವ ಶಕ್ತಿ ಇನ್ನೂ ಬಲಿತಿರುವುದಿಲ್ಲ. ಹೊದಿಕೆ ಕಿತ್ತೆಸೆಯಲಾರದು, ಎದ್ದು ಆಚೆ ಹೋಗಲಾರದು, ಬಾಯಾರಿಕೆ ಎಂದು ಹೇಳಲಾರದು. ಮೊದಮೊದಲು ಕಿರಿಕಿರಿ ಮಾಡುತ್ತದೆ, ಆಮೇಲೆ ಮಂಕಾಗುತ್ತದೆ. ಆ ಮಂಕನ್ನೇ ಸುಖನಿದ್ದೆ ಎಂದುಕೊಳ್ಳುವ ಅಪಾಯವಿದೆ. ಮಲಗಿದ ಪ್ರತಿ ಕೂಸಿನ ಬಗ್ಗೆಯೂ ಗಾಬರಿಯಾಗಿ ಎಂದು ಹೇಳುತ್ತಿಲ್ಲ. ಕಡಲ ಗಾಳಿಗೆ ಮಕ್ಕಳು ನಿಜವಾಗಿಯೂ ಚೆನ್ನಾಗಿ ನಿದ್ದೆ ಮಾಡುತ್ತವೆ. ಆದರೆ 10–15 ನಿಮಿಷಕ್ಕೊಮ್ಮೆ ಕತ್ತಿನ ಹಿಂಭಾಗ ಅಥವಾ ಎದೆ ಮುಟ್ಟಿ ನೋಡಿ. ಅಂಗೈ ಅಂಗಾಲು ಮುಟ್ಟಿ ಉಪಯೋಗವಿಲ್ಲ, ಮೈ ಕಾದಿದ್ದರೂ ಅವು ತಣ್ಣಗಿರಬಹುದು. ಕತ್ತು ಬಿಸಿಯಾಗಿದ್ದರೆ, ಜಿಗುಟು ಜಿಗುಟಾಗಿದ್ದರೆ, ಕೆನ್ನೆ ಕೆಂಪೇರಿದ್ದರೆ ಎಬ್ಬಿಸಿ, ಬಟ್ಟೆ ಕಡಿಮೆ ಮಾಡಿ, ಗಾಳಿಯಿರುವ ಕಡೆಗೆ ಎತ್ತಿಕೊಂಡು ಹೋಗಿ.

ಹಾಗಾದರೆ ನೆರಳು ಹೇಗಿರಬೇಕು? ತಳ್ಳುಗಾಡಿಗೆ ಹೊದಿಕೆಯ ಬದಲು ಕ್ಲಿಪ್ ಹಾಕಿ ನಿಲ್ಲಿಸುವ ಛತ್ರಿ ಬಳಸಿ, ಸುತ್ತ ತೆರೆದಿರಲಿ. ಡೇರೆಯಾದರೆ ಎದುರುಬದುರು ಎರಡು ಕಡೆ ತೆರೆಯುವಂಥದ್ದು ಬೇಕು. ಹಗಲಿನಲ್ಲಿ ಗಾಳಿ ಸಾಮಾನ್ಯವಾಗಿ ಕಡಲಿನಿಂದ ದಡದ ಕಡೆಗೆ ಬೀಸುತ್ತದೆ. ಒಂದು ಬಾಯಿ ಕಡಲಿಗಿರಲಿ, ಇನ್ನೊಂದು ಅದರ ಬೆನ್ನಿಗಿರಲಿ. ಚಾಪೆ ಹಾಸುವ ಮೊದಲು ಮರಳು ಮುಟ್ಟಿ ನೋಡಿ. ಛತ್ರಿ ನೆಡುವವರೆಗೂ ಆ ಮರಳು ಬಿಸಿಲಲ್ಲೇ ಕಾದಿರುತ್ತದೆ, ನೆರಳು ಬಿದ್ದ ಕೂಡಲೇ ಆರುವುದಿಲ್ಲ. ಮೇಲಿನ ನಾಲ್ಕು ಬೆರಳಿನಷ್ಟು ಒಣ ಮರಳು ಬದಿಗೆ ಸರಿಸಿ, ಕೆಳಗಿನ ತೇವದ ಮರಳಿನ ಮೇಲೆ ದಪ್ಪನೆ ಚಾಪೆ ಹಾಸಿ. ಸೂರ್ಯ ಗಂಟೆಗೆ 15 ಡಿಗ್ರಿ ಸರಿಯುತ್ತಾನೆ. ಅವನ ಜೊತೆ ನೆರಳೂ ಜರುಗುತ್ತದೆ, ಅರ್ಧ ಗಂಟೆಯಲ್ಲಿ ಮಗುವಿನ ಕಾಲು ಬಿಸಿಲಿಗೆ ಬಿದ್ದಿರುತ್ತದೆ.

ಬಿಸಿಲಿನ ವಿಷಯದಲ್ಲೂ ನೆರಳಿಗೆ ಮಿತಿಯಿದೆ. ಒಣ ಮರಳು ಅತಿನೇರಳೆ ಕಿರಣಗಳಲ್ಲಿ ಸುಮಾರು 15 ಶೇಕಡಾ, ಅಲೆಯ ನೊರೆ ಸುಮಾರು 25 ಶೇಕಡಾ ಹಿಂದಕ್ಕೆ ಹೊಮ್ಮಿಸುತ್ತವೆ. ತೆಳು ಮೋಡ ಅವನ್ನು ಹೆಚ್ಚು ತಡೆಯುವುದಿಲ್ಲ. ಆದ್ದರಿಂದ ಛತ್ರಿಯಡಿಯಲ್ಲೂ ತೋಳು ಮುಚ್ಚುವ ಸಡಿಲವಾದ ಅಂಗಿ, ಕತ್ತು ಮುಚ್ಚುವ ಅಗಲ ಅಂಚಿನ ಟೋಪಿ ಬೇಕು. ನಿಮ್ಮ ನೆರಳು ನಿಮಗಿಂತ ಗಿಡ್ಡವಾಗಿದ್ದರೆ ಅದು ಕೂಸಿನ ಹೊತ್ತಲ್ಲ, ಕೋಣೆಗೆ ಹೋಗಿ. ಬೆಳಗ್ಗೆ 9ರೊಳಗೆ ಅಥವಾ ಸಂಜೆ 4ರ ನಂತರ, ಮೊದಲ ದಿನ ಅರ್ಧ ಗಂಟೆ ಸಾಕು. 6 ತಿಂಗಳು ದಾಟಿದ ಮಗುವಿಗೆ ಜಿಂಕ್ ಆಕ್ಸೈಡ್ ಅಥವಾ ಟೈಟಾನಿಯಂ ಡೈಆಕ್ಸೈಡ್ ಇರುವ, ಎಸ್‌ಪಿಎಫ್ 30ಕ್ಕೆ ಕಡಿಮೆಯಿಲ್ಲದ ಸನ್‌ಸ್ಕ್ರೀನ್ ಹಚ್ಚಿ. 2 ಗಂಟೆಗೊಮ್ಮೆ ಮತ್ತು ನೀರಿನಿಂದ ಬಂದ ಮೇಲೆ ಮತ್ತೆ ಹಚ್ಚಿ. ಅದಕ್ಕಿಂತ ಚಿಕ್ಕ ಕೂಸಿಗೆ ಬಟ್ಟೆ, ನೆರಳುಗಳೇ ಮೊದಲ ರಕ್ಷಣೆ. ಬೇರೆ ದಾರಿಯೇ ಇಲ್ಲದಾಗ ಮುಖಕ್ಕೆ, ಕೈಯ ಹಿಂಭಾಗಕ್ಕೆ ಸ್ವಲ್ಪ ಹಚ್ಚಬಹುದು.

ಸೆಕೆಯೆಂದು ಹಾಲುಗೂಸಿಗೆ ನೀರು ಕುಡಿಸುವುದು ಇನ್ನೊಂದು ಪ್ರಮಾದ. ಪ್ರೀತಿಯಿಂದಲೇ ಕೊಡುತ್ತಾರೆ, ಆದರೂ ತಪ್ಪು. 6 ತಿಂಗಳಿಗಿಂತ ಚಿಕ್ಕ ಮಗುವಿನ ಮೂತ್ರಪಿಂಡಗಳಿಗೆ ಹೆಚ್ಚಿನ ನೀರನ್ನು ಬೇಗ ಹೊರಹಾಕಲು ಬರುವುದಿಲ್ಲ. ರಕ್ತದಲ್ಲಿ ಸೋಡಿಯಂ ಇಳಿದು ಫಿಟ್ಸ್ ಬರಬಹುದು. ಎದೆಹಾಲನ್ನೇ ಇನ್ನಷ್ಟು ಸಲ ಕೊಡಿ, ತಾಯಿ ನೀರು ಚೆನ್ನಾಗಿ ಕುಡಿಯಲಿ. ಪುಡಿ ಹಾಲಾದರೆ ಡಬ್ಬಿಯ ಮೇಲೆ ಹೇಳಿದ ಅಳತೆಯಲ್ಲೇ ಕಲಸಿ, ಸೆಕೆಯೆಂದು ತೆಳ್ಳಗೆ ಮಾಡಬೇಡಿ. ಕಲಸಿದ ಹಾಲನ್ನು ಬಿಸಿಲಲ್ಲಿ ಹೊತ್ತು ತಿರುಗುವ ಬದಲು, ಪುಡಿ ಮತ್ತು ಕುದಿಸಿದ ನೀರನ್ನು ಬೇರೆ ಬೇರೆ ಒಯ್ದು, ವೈದ್ಯರು ತಿಳಿಸಿದಂತೆ ಆ ಹೊತ್ತಿಗೆ ಕಲಸುವುದು ಒಳ್ಳೆಯದು. ಡೈಪರ್ ಲೆಕ್ಕ ಇಡಿ. ದಿನಕ್ಕೆ 6 ಒದ್ದೆ ಡೈಪರ್ ಆಗುತ್ತಿದ್ದರೆ ಚಿಂತೆಯಿಲ್ಲ. 6 ಗಂಟೆ ಒಣಗಿಯೇ ಇದ್ದರೆ, ನೆತ್ತಿಯ ಸುಳಿ ಒಳಗಿಳಿದಿದ್ದರೆ, ಬಾಯಿ ಒಣಗಿದ್ದರೆ, ಹಾಲು ಬೇಡವೆಂದು ಮುಖ ತಿರುಗಿಸಿದರೆ ಕಾಯುತ್ತ ಕೂರಬೇಡಿ, ವೈದ್ಯರಿಗೆ ತೋರಿಸಿ.

ಮೈ ಕಾದ ಮಗುವನ್ನು ತಂಪು ಕೋಣೆಗೆ ಒಯ್ದು, ಬಟ್ಟೆ ತೆಗೆದು, ಸಾಧಾರಣ ನೀರಿನಲ್ಲಿ ಒದ್ದೆ ಮಾಡಿದ ಬಟ್ಟೆಯಿಂದ ಒರೆಸಿ ಗಾಳಿ ಹಾಕಿ, ಹಾಲು ಕೊಡಿ. ಐಸ್ ಬೇಡ. ಸೆಕೆಯಿಂದ ಏರಿದ ಬಿಸಿಯನ್ನು ಪ್ಯಾರಾಸಿಟಮಾಲ್ ಇಳಿಸುವುದಿಲ್ಲ. 3 ತಿಂಗಳೊಳಗಿನ ಕೂಸಿಗೆ 38 ಡಿಗ್ರಿ ಸೆಲ್ಸಿಯಸ್ ಅಥವಾ ಹೆಚ್ಚು ಇದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ಯಾವ ವಯಸ್ಸಿನ ಮಗುವೇ ಆಗಲಿ ಎಬ್ಬಿಸಲಾಗುತ್ತಿಲ್ಲ, ಕೈಕಾಲು ಸೋತಿವೆ, ಬಿಡದೆ ವಾಂತಿ, ಫಿಟ್ಸ್ ಎಂದರೆ ಥರ್ಮಾಮೀಟರ್ ಹುಡುಕುತ್ತ ನಿಲ್ಲಬೇಡಿ.

ನೀರಾಟದ ಬಗ್ಗೆ ಸ್ವಲ್ಪ. 6 ತಿಂಗಳೊಳಗೆ ಅಲೆಗೆ ಇಳಿಸದಿದ್ದರೆ ನಷ್ಟವೇನಿಲ್ಲ, ಒದ್ದೆ ಮರಳಿನ ಮೇಲೆ ಕಾಲೂರಿಸಿದರೆ ಆ ವಯಸ್ಸಿಗೆ ಅದೇ ಹಬ್ಬ. ದೊಡ್ಡ ಮಗುವಾದರೆ 10 ನಿಮಿಷ, ನಿಮ್ಮ ತೋಳಿನಲ್ಲೇ. ಗಾಳಿ ತುಂಬಿದ ರಿಂಗ್ ಆಟದ ಸಾಮಾನು, ಅದು ಮುಳುಗದಂತೆ ಕಾಯುವುದಿಲ್ಲ. ಈಜಿನ ಡೈಪರ್ ಮಲ ಮಾತ್ರ ತಡೆಯುತ್ತದೆ, ಮೂತ್ರ ಸೋರುತ್ತದೆ. ಮಾಮೂಲಿ ಡೈಪರ್ ನೀರು ಕುಡಿದು ಊದಿಕೊಳ್ಳುತ್ತದೆ. ಮರಳು ಕಣ್ಣಿಗೆ ಬಿದ್ದರೆ ಉಜ್ಜದೆ ಶುದ್ಧ ನೀರು ಹಾಯಿಸಿ. ಮುಗಿದ ಕೂಡಲೇ ಸಿಹಿನೀರಿನಲ್ಲಿ ತೊಳೆದು ತೊಡೆಸಂದು, ಕತ್ತಿನ ಮಡಿಕೆ ಒತ್ತಿ ಒರೆಸಿ. ಉಪ್ಪು, ಮರಳು ಅಲ್ಲಿ ಉಳಿದರೆ ರಾತ್ರಿಗೆ ಚರ್ಮ ಕೆಂಪಾಗಿ ಉರಿಯುತ್ತದೆ.

ಹೊರಡುವಾಗ ಕಾರಿನ ಬಾಗಿಲುಗಳನ್ನು ಕೆಲವು ನಿಮಿಷ ತೆರೆದಿಡಿ. ಬಿಸಿಲಲ್ಲಿ ನಿಂತ ಕಾರಿನೊಳಗೆ 10 ನಿಮಿಷದಲ್ಲೇ ಬಿಸಿ ಸುಮಾರು 10 ಡಿಗ್ರಿ ಸೆಲ್ಸಿಯಸ್ ಏರಬಲ್ಲದು. ಅದೆಷ್ಟೇ ಚಿಕ್ಕ ಕೆಲಸಕ್ಕೂ ಮಗುವನ್ನು ಅಲ್ಲಿ ಬಿಟ್ಟು ಹೋಗುವ ಮಾತೇ ಇಲ್ಲ. ಕೂರಿಸುವ ಮೊದಲು ಸೀಟಿನ ಬಟ್ಟೆಯನ್ನೂ ಬೆಲ್ಟಿನ ಲೋಹದ ಕೊಕ್ಕೆಯನ್ನೂ ನಿಮ್ಮ ಕೈಯಿಂದ ಮುಟ್ಟಿ ನೋಡಿ.