ಹೆಸರು ಅಳಿಸಿದ ಮಾತ್ರಕ್ಕೆ ಗುರುತು ಹೋಗುತ್ತದೆಯೇ?

2006ರ ಆಗಸ್ಟ್‌ನಲ್ಲಿ ಅಮೆರಿಕದ ಅಂತರ್ಜಾಲ ಸೇವೆಯ ಕಂಪನಿ ಎಒಎಲ್, ಸಂಶೋಧಕರಿಗೆ ಉಪಯೋಗವಾಗಲಿ ಎಂದು ಒಂದು ದತ್ತಾಂಶ ಕಡತವನ್ನು ಎಲ್ಲರಿಗೂ ಸಿಗುವಂತೆ ಅಂತರ್ಜಾಲಕ್ಕೆ ಹಾಕಿತು. ಸುಮಾರು 6.5 ಲಕ್ಷ ಬಳಕೆದಾರರು ಮೂರು ತಿಂಗಳಲ್ಲಿ ಏನೇನು ಹುಡುಕಿದ್ದರೋ ಅದೆಲ್ಲ ಅದರಲ್ಲಿತ್ತು. ಹೆಸರು ತೆಗೆದು ಒಬ್ಬೊಬ್ಬರಿಗೂ ಒಂದೊಂದು ಸಂಖ್ಯೆ ಕೊಟ್ಟಿದ್ದರು.

ಒಂದು ಸಂಖ್ಯೆಯ ಕೆಳಗೆ ಸಾಲಾಗಿ ಸಿಕ್ಕಿದ್ದು ಇಷ್ಟು: ಜೋಮು ಹಿಡಿಯುವ ಬೆರಳು, ನಡುಗುವ ಕೈ, 60ರ ಒಂಟಿ ಗಂಡಸರು, ಕಂಡಲ್ಲೆಲ್ಲ ಉಚ್ಚೆ ಹೊಯ್ಯುವ ನಾಯಿ, ತನ್ನೂರಿನ ತೋಟಗಾರರು, ತನ್ನದೇ ಮನೆತನದ ಹೆಸರಿನ ಕೆಲವರು. ನ್ಯೂಯಾರ್ಕ್ ಟೈಮ್ಸ್ ವರದಿಗಾರರು ಈ ಜಾಡು ಹಿಡಿದು ಕೆಲವೇ ದಿನಗಳಲ್ಲಿ 62 ವರ್ಷದ ಮಹಿಳೆಯೊಬ್ಬರನ್ನು ಪತ್ತೆಹಚ್ಚಿದರು. ಅವರು ಕಾಯಿಲೆಗಳ ಬಗ್ಗೆ ಹುಡುಕುತ್ತಿದ್ದದ್ದು ಗೆಳತಿಯರ ಆತಂಕ ಕಳೆಯಲು! ಪಟ್ಟಿಯನ್ನಷ್ಟೇ ಓದಿದವರು ಆ ರೋಗಗಳನ್ನೆಲ್ಲ ಅವರ ತಲೆಗೇ ಕಟ್ಟುತ್ತಿದ್ದರು. ಎಒಎಲ್ ಕ್ಷಮೆ ಕೇಳಿ ಕಡತ ತೆಗೆಯಿತು. ಅಷ್ಟರಲ್ಲಿ ಅದರ ಪ್ರತಿಗಳು ಊರೆಲ್ಲ ಹರಡಿದ್ದವು.

ಸಂಶೋಧನೆಗೆ ನಿಯಮಗಳೇ ಇರಲಿಲ್ಲ ಎಂದಲ್ಲ. ಅಮೆರಿಕದ ಟಸ್ಕೀಗಿಯಲ್ಲಿ ಸಿಫಿಲಿಸ್ ಎಂಬ ಲೈಂಗಿಕ ರೋಗ ಪೀಡಿತ ಕಪ್ಪು ಜನರನ್ನು ದಶಕಗಳ ಕಾಲ ಚಿಕಿತ್ಸೆ ಕೊಡದೆ ಗಮನಿಸುತ್ತಿದ್ದದ್ದು ಬಯಲಾದ ಮೇಲೆ, 1979ರಲ್ಲಿ, ಮನುಷ್ಯರ ಮೇಲಿನ ಸಂಶೋಧನೆ ಹೇಗಿರಬೇಕೆಂದು ಹೇಳುವ ಬೆಲ್ಮಾಂಟ್ ವರದಿ ಬಂತು. ಆದರೆ ಆ ನಿಯಮಗಳ ಕಣ್ಣಿದ್ದದ್ದು ಎದುರಿಗೆ ಕೂತ ಮನುಷ್ಯನ ಮೇಲೆ. ಆಗಲೇ ಎಲ್ಲೋ ಸಂಗ್ರಹವಾಗಿರುವ ಮಾಹಿತಿಗೆ ಬಿಗಿ ಕಡಿಮೆ.

ಈ ಸಂದು ಎಷ್ಟು ದೊಡ್ಡದೆಂದು ಗೊತ್ತಾದದ್ದು ಫೇಸ್‌ಬುಕ್‌ನಿಂದ. 2012ರ ಜನವರಿಯಲ್ಲಿ ಅದು 6,89,003 ಜನರ ನ್ಯೂಸ್‌ಫೀಡನ್ನು ಒಂದು ವಾರ ತಿದ್ದಿ, ಖುಷಿಯ ಅಥವಾ ಬೇಸರದ ಪೋಸ್ಟ್ ಕಡಿಮೆಯಾದರೆ ಅವರ ಬರಹವೂ ಬದಲಾಗುತ್ತದೆಯೇ ಎಂದು ನೋಡಿತು. ಬಳಕೆದಾರರಿಗೆ ಸುಳಿವೂ ಇರಲಿಲ್ಲ. 2014ರಲ್ಲಿ ಪ್ರಬಂಧ ಪ್ರಕಟವಾಗಿ ಗದ್ದಲವೆದ್ದಾಗ, ಪ್ರಯೋಗ ಮಾಡಿದ್ದು ಕಂಪನಿ, ನಮ್ಮವರು ಫಲಿತಾಂಶವನ್ನಷ್ಟೇ ನೋಡಿದರು, ಹಾಗಾಗಿ ನೈತಿಕ ಪರಿಶೀಲನೆ ಬೇಕಾಗಲಿಲ್ಲ ಎಂದಿತು ಪ್ರಬಂಧದ ಸಹಲೇಖಕರಿದ್ದ ಕಾರ್ನೆಲ್ ವಿಶ್ವವಿದ್ಯಾಲಯ. ನಿಯಮದ ಪ್ರಕಾರ ಸರಿಯೇ ಇರಬಹುದು, ನನಗಂತೂ ಜಾರಿಕೆಯ ಮಾತಿನಂತೆ ಕೇಳುತ್ತದೆ. ಪ್ರಬಂಧ ಪ್ರಕಟಿಸಿದ ಸಂಶೋಧನಾ ಪತ್ರಿಕೆ ಕಳವಳ ಸೂಚಿಸಿತು, ಪ್ರಬಂಧ ಹಿಂಪಡೆಯಲಿಲ್ಲ.

2016ರಲ್ಲಿ ಡೆನ್ಮಾರ್ಕ್‌ನ ಕೆಲವರು ಓಕೆಕ್ಯುಪಿಡ್ ಡೇಟಿಂಗ್ ತಾಣದ ಸುಮಾರು 70,000 ಜನರ ವಿವರಗಳನ್ನು, ಲೈಂಗಿಕ ಒಲವಿನ ಉತ್ತರಗಳೂ ಸೇರಿದಂತೆ, ಯೂಸರ್‌ನೇಮ್ ಸಮೇತ ಹೊರಹಾಕಿದರು. ಅವರ ಸಮರ್ಥನೆ: ಅದು ಮೊದಲೇ ಸಾರ್ವಜನಿಕವಾಗಿತ್ತು. ಸಂಗಾತಿ ಸಿಗಲಿ ಎಂದು ಬರೆದದ್ದಕ್ಕೂ ಸಂಶೋಧಕರ ಕೋಷ್ಟಕಕ್ಕೆ ಒಪ್ಪಿ ಕೊಟ್ಟದ್ದಕ್ಕೂ ವ್ಯತ್ಯಾಸವಿಲ್ಲವೇ?

ಭಾರತದಲ್ಲಿ, ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಹೂಡಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 2017ರಲ್ಲಿ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು. ಆದರೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ, ನಿಗದಿತ ಮಾನದಂಡ ಪಾಲಿಸುವ ಸಂಶೋಧನೆಗೆ ವಿನಾಯಿತಿ ಕೊಡುತ್ತದೆ. ನಾವೇ ಸಾರ್ವಜನಿಕವಾಗಿ ಹಾಕಿಕೊಂಡ ಮಾಹಿತಿಗಂತೂ ಆ ಕಾಯ್ದೆ ಅನ್ವಯಿಸುವುದೇ ಇಲ್ಲ. ಓಕೆಕ್ಯುಪಿಡ್ ಪ್ರಕರಣದಲ್ಲಿ ಕೇಳಿಬಂದ ಸಮರ್ಥನೆಗೂ ಇದಕ್ಕೂ ದೂರ ಬಹಳವಿಲ್ಲ.